ದಿಂಬಿನ ಕವರಿನ ಬಿಳಿ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ಕ್ಯಾಸೆಟ್ ಮಾಮ. ಹೆಗಲ ಮೇಲೆ ವಿಡಿಯೋ ಕ್ಯಾಮೆರಾ ಹೊತ್ತು, ಮದುವೆ, ಶಾಲೆಯ ವಾರ್ಷಿಕೋತ್ಸವ, ಅಂಗಡಿ ಉದ್ಘಾಟನೆ ಎಂದು ಕಂಡವರ ಸಂಭ್ರಮದಲ್ಲೆಲ್ಲ ನಿಂತು ಆಯಸ್ಸು ಸವೆಸಿದವನು. ಎಲ್ಲರೂ ಫೋನಿನಲ್ಲೇ ವಿಡಿಯೋ ಹಿಡಿಯುವ ಕಾಲ ಬಂತು ನೋಡಿ, ಕ್ಯಾಮೆರಾ ಮೂಲೆ ಸೇರಿತು. ಮಾಮ ಸೇರುವ ಆಸಾಮಿಯಲ್ಲ. ಹಳೆಯ ವಿಎಚ್‌ಎಸ್ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ಹಿಡಿದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಎರಡು ಟೇಪ್ ಪ್ಲೇಯರು, ಒಂದು ಡಬ್ಬಾ ಟಿವಿ, ಮಗಳು ಕೊಡಿಸಿದ ಕಂಪ್ಯೂಟರು, ಮತ್ತೆ ಕಾಲಿಟ್ಟಲ್ಲೆಲ್ಲ ತೊಡರುವ ವೈರುಗಳು.

ಬಣ್ಣದ ವಿಷಯಕ್ಕೆ ಬಂದರೆ ಅವನ ಜಂಭ ಅಷ್ಟಿಷ್ಟಲ್ಲ. ಗಿರಾಕಿ ಯಾರಾದರೂ, ಮುಖ ಯಾಕೋ ಹಳದಿ ಬಂದಿದೆಯಲ್ಲ ಎಂದರೆ ಸಾಕು, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗಾದೆ ಒಗೆದು ಬಾಯಿ ಮುಚ್ಚಿಸುತ್ತಿದ್ದ. ಅವನ ಸೂತ್ರ ಒಂದೇ: ಚಿತ್ರದೊಳಗಿನ ಬಿಳಿ ಬಿಳಿಯಾಗಿ ಕಂಡರೆ ಮಿಕ್ಕ ಬಣ್ಣವೆಲ್ಲ ತಾನಾಗಿ ಸರಿ. ಮಗಳಿಗೆ ಅಕ್ಷರ ಕಲಿಸುವ ಮೊದಲೇ ಇದನ್ನು ಕಲಿಸಿದ್ದ. ಅವಳೀಗ ಶಾಲೆಯಲ್ಲಿ ಡ್ರಾಯಿಂಗ್ ಟೀಚರು.

ಆ ಬಿಳಿಗಾಗಿ ಅವನು ನೆಚ್ಚಿದ್ದು ಹೆಂಡತಿಯನ್ನು. ಕೆಲಸಕ್ಕೆ ಹೊರಡುವ ಬೆಳಿಗ್ಗೆ, ಕೈಯಲ್ಲಿದ್ದ ಪಾತ್ರೆ ಇಳಿಸಿ ಬಾ ಎಂದು ಅವಳನ್ನು ಕರೆದು, ಬಾಗಿಲ ಬೆಳಕಿನಲ್ಲಿ ಒಗೆದ ದಿಂಬಿನ ಕವರು ಹಿಡಿಸಿ ನಿಲ್ಲಿಸುತ್ತಿದ್ದ. ಆ ಬಿಳಿಗೆ ಕ್ಯಾಮೆರಾ ಹೊಂದಿಸಿ, ಟೇಪು ಓಡುತ್ತಿದೆಯೇ ಎಂದು ಹತ್ತು ಸೆಕೆಂಡು ಚಿತ್ರ ಹಿಡಿದು ನೋಡಿ ಹೊರಡುತ್ತಿದ್ದ. ಗಿರಾಕಿಗೆ ಪ್ರತಿ ಮಾಡಿಕೊಡುವಾಗ ಆ ಹತ್ತು ಸೆಕೆಂಡು ಕತ್ತರಿಸಿಬಿಡುವುದು, ಮೂಲ ಟೇಪಿನ ಮೇಲೆ ಮುಂದಿನ ಮದುವೆ ತುಂಬುವುದು. ಹೀಗೆ ಊರವರ ಹೆಂಡಿರನ್ನೆಲ್ಲ ಚಿತ್ರಿಸಿದವನ ಮನೆಯಲ್ಲಿ ಅವನ ಹೆಂಡತಿಯದೇ ಒಂದು ತುಣುಕಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆಯೇ?

ಮಗಳಿಗೆ ಎರಡು ತುಂಬುವಷ್ಟರಲ್ಲಿ ಆಕೆ ಹೋಗಿಬಿಟ್ಟಳು. ಪಿತ್ತಕೋಶದ ಕಾಯಿಲೆ. ಕಣ್ಣು ಹಳದಿಯಾಗಿ ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದಾಗ, ಒಂದು ವಾರ, ನನ್ನ ಕಣ್ಣು ಬಣ್ಣದಲ್ಲಿ ತಪ್ಪುವುದಿಲ್ಲ ಎಂದು ಮಾಮ ಗಟ್ಟಿಯಾಗಿಯೇ ಹೇಳಿದ್ದ. ಡಾಕ್ಟರು ನಿಟ್ಟುಸಿರು ಬಿಟ್ಟು, ಆರು ತಿಂಗಳ ಮುಂಚೆ ಕಂಡಿದ್ದರೆ ಏನಾದರೂ ಮಾಡಬಹುದಿತ್ತು, ಕಾಣದಿದ್ದ ಮೇಲೆ ನೀವಾದರೂ ಏನು ಮಾಡುತ್ತೀರಿ ಎಂದಿದ್ದರು. ಇಪ್ಪತ್ತನಾಲ್ಕು ವರ್ಷ ಮಾಮ ಬದುಕಿದ್ದು ಆ ಒಂದು ಮಾತಿನ ಮೇಲೆ. ಮಗಳು ಕೇಳಿದಾಗಲೆಲ್ಲ, ಹೇಳದೆ ಕೇಳದೆ ಬಂತಮ್ಮ, ಯಾರಿಗೂ ಗೊತ್ತಾಗಲಿಲ್ಲ ಎನ್ನುತ್ತಿದ್ದ.

ಮಗಳು ಕೇಳುತ್ತಿದ್ದುದು ಇನ್ನೊಂದಿತ್ತು. ಅಮ್ಮನ ಬಣ್ಣ ಯಾವುದು, ನನ್ನ ಹಾಗಾ ನಿನ್ನ ಹಾಗಾ? ಮನೆಯಲ್ಲಿ ಇದ್ದದ್ದು ಗುರುತಿನ ಚೀಟಿಯ ಕಪ್ಪು ಬಿಳುಪು ಫೋಟೋ ಒಂದೇ, ಅದೂ ಹೆಬ್ಬೆರಳಷ್ಟು. ಗೋಧಿ ಬಣ್ಣ ಎಂದು ಇವನು ಹೇಳಿದರೆ, ಗೋಧಿಯಲ್ಲೂ ನೂರು ಬಣ್ಣ ಇದೆ ಅಪ್ಪ ಎಂದು ಅವಳು ಮುಖ ಸಣ್ಣ ಮಾಡುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಟೈಲರಮ್ಮ ಎಂದು ಹೆಸರಾದ ಹೆಂಗಸೊಬ್ಬಳು ತನ್ನ ಮದುವೆಯ ಟೇಪು ತಂದಳು. ಮದುವೆಯ ಮರುದಿನವೇ ಬೇರೆ ಊರಿಗೆ ಹೊರಟಿದ್ದಳಂತೆ. ಪ್ರತಿ ಮಾಡಲು ಪುರಸೊತ್ತಿಲ್ಲದೆ ಮಾಮ ಅಂದು ಮೂಲ ಟೇಪನ್ನೇ ಕೊಟ್ಟು ಕಳಿಸಿದ್ದನಂತೆ. ಅವನಿಗೆ ಅದು ನೆನಪೇ ಇರಲಿಲ್ಲ. ಅಭ್ಯಾಸದಂತೆ ದನಿ ಮುಚ್ಚಿ ಟೇಪು ಹಾಕಿದ. ಟಿವಿಯ ಪರದೆ ಎರಡು ಸಲ ನಡುಗಿತು, ಮದುಮಗಳಿಗಿಂತ ಮೊದಲು ಬಾಗಿಲಲ್ಲಿ ದಿಂಬಿನ ಕವರು ಹಿಡಿದ ಅವನ ಹೆಂಡತಿ ನಿಂತಿದ್ದಳು. ಟೈಲರಮ್ಮ ಅವನ ಮುಖ ನೋಡಿ, ನಾಳೆ ಬರುತ್ತೇನೆ ಎಂದು ಎದ್ದು ಹೋದಳು.

ಬಣ್ಣ ಸರಿ ಮಾಡಿ ಸಂಜೆ ಮಗಳ ಮುಂದೆ ಇಡಬೇಕು, ಅವಳ ಇಷ್ಟು ವರ್ಷದ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು ಕೂತ. ದನಿಯನ್ನು ಮುಚ್ಚಿಯೇ ಇಟ್ಟ. ಬಣ್ಣ ನೋಡುವಾಗ ಕಿವಿಗೇನು ಕೆಲಸ? ನಿಜ ಹೇಳಬೇಕೆಂದರೆ ಆ ದನಿ ಕೇಳುವ ಧೈರ್ಯವೂ ಇರಲಿಲ್ಲ.

ಹಾಳು ಕಂಪ್ಯೂಟರು ಮೊದಲಿಗೆ ಬಣ್ಣವನ್ನೇ ತೋರಿಸಲಿಲ್ಲ, ಎಲ್ಲ ಕಪ್ಪು ಬಿಳುಪು. ಟಿವಿಯಲ್ಲಿ ಬಣ್ಣ ಇದೆ, ಇಲ್ಲಿ ಇಲ್ಲ ಎಂದರೆ ತಪ್ಪು ಟೇಪಿನದಲ್ಲ. ಹುಡುಕಿದರೆ, ಪರದೇಶದ ಟೇಪೊಂದಕ್ಕಾಗಿ ಮೊನ್ನೆ ಎನ್‌ಟಿಎಸ್‌ಸಿ ಪದ್ಧತಿಗೆ ತಿರುಗಿಸಿದ್ದನ್ನು ಹಾಗೇ ಬಿಟ್ಟಿದ್ದ. ನಮ್ಮ ದೇಶದ ಪಾಲ್ ಪದ್ಧತಿಗೆ ತಂದ, ಬಣ್ಣ ಬಂತು. ಬಂದದ್ದು ಬರೀ ಹಸಿರು ಹಸಿರು. ವೈರಿನ ಪಿನ್ನಿಗೆ ಕಿಲುಬು ಹಿಡಿದಿತ್ತು, ಬದಲಿಸಿದ. ಕೆಂಪು ಬಣ್ಣ ಅಂಚು ಮೀರಿ ಪಕ್ಕಕ್ಕೆ ಹರಿಯುತ್ತಿತ್ತು, ಪ್ಲೇಯರಿನಲ್ಲಿ ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಒಂದೊಂದೇ ಸರಿಹೋಯಿತು. ಬಾಗಿಲ ನೀಲಿ ನೀಲಿಯಾಯಿತು, ಕವರು ಹಾಲಿನಂತೆ ಬೆಳ್ಳಗಾಯಿತು. ಹೆಂಡತಿಯ ಮುಖ ಮಾತ್ರ ಹಳದಿ.

ಟೇಪಿನ ಮೊದಲ ತುಂಡು ಯಾವಾಗಲೂ ಸುಕ್ಕುಗಟ್ಟಿರುತ್ತದೆ, ಅದಕ್ಕೇ ಹೀಗೆ ಎಂದುಕೊಂಡ. ಕಂಪ್ಯೂಟರಿನಲ್ಲಿ ಹಳದಿಯನ್ನು ಎಳೆದೆಳೆದು ಕಡಿಮೆ ಮಾಡಿದ. ಮುಖ ತಿಳಿಯಾಯಿತು, ಗೋಧಿ ಬಣ್ಣಕ್ಕೆ ಬಂತು. ಅದೇ ಲೆಕ್ಕದಲ್ಲಿ ಮುಂದಿನ ಮದುವೆ ಓಡಿಸಿದರೆ ಮದುಮಗಳು ಚಳಿಗೆ ಮರಗಟ್ಟಿದವಳ ಹಾಗೆ ನೀಲಿ. ಹಾಗಾದರೆ ಬಣ್ಣ ಮೊದಲೇ ಸರಿಯಿತ್ತೇ ಎಂಬ ಅನುಮಾನ ಮಾಮನಿಗೆ ಅಲ್ಲೇ ಒಮ್ಮೆ ಸುಳಿಯಿತು. ಆದರೂ ಒಪ್ಪಲಿಲ್ಲ. ಮದುವೆಯ ಭಾಗವನ್ನು ಇದ್ದಂತೆ ಬಿಟ್ಟು, ಹೆಂಡತಿಯ ಹತ್ತು ಸೆಕೆಂಡನ್ನು ಮಾತ್ರ ಬೇರೆ ಕತ್ತರಿಸಿ ತಿದ್ದಿಟ್ಟ.

ಸಂಜೆ ಮಗಳು ಶಾಲೆಯಿಂದ ಬಂದಳು. ಚೀಲವನ್ನು ಹೆಗಲಿನಿಂದ ಇಳಿಸದೆ ನಿಂತೇ ನೋಡಿದಳು. ನಾಲ್ಕು ಸೆಕೆಂಡು ಅಮ್ಮನ ಮುಖ, ಆಮೇಲೆ ಕವರು ಮೇಲೇರಿ ಮುಖ ಮರೆ. ಮತ್ತೆ ಹಾಕು ಎಂದಳು. ಹಾಕಿದ. ಆರು ಸಲ, ಏಳು ಸಲ. ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಮಾಮನ ಜೀವ ತಣ್ಣಗಾಯಿತು. ಎಂಟನೆಯ ಸಲಕ್ಕೆ ಅವಳು ಪರದೆಯ ಹತ್ತಿರ ಬಗ್ಗಿದಳು.

"ಅಪ್ಪ, ಈ ಕವರು ನೀಲಿದಾ?"

"ಅಲ್ಲ, ಬಿಳಿದು."

"ನೀಲಿಯಾಗಿ ಕಾಣ್ತಿದೆಯಲ್ಲ. ಬಿಳಿ ಸರಿ ಇಲ್ದಿದ್ರೆ ಯಾವುದೂ ಸರಿ ಇರಲ್ಲ ಅಂತ ನೀನೇ ಹೇಳ್ಕೊಟ್ಟಿದ್ದು."

ಏನೋ ಒಂದು ಸುಳ್ಳು ಹೇಳಬಹುದಿತ್ತು. ಒಗೆಯುವಾಗ ನೀಲಿ ಹೆಚ್ಚಾಗಿತ್ತು ಎಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಮಗಳೇ ಮೌಸು ಹಿಡಿದು ಬಣ್ಣ ತಿರುಗಿಸಿದಳು. ಕವರು ಬೆಳ್ಳಗಾಗುತ್ತ ಹೋಯಿತು, ಅದರ ಜೊತೆಜೊತೆಗೇ ಅಮ್ಮನ ಮುಖಕ್ಕೆ ಹಳದಿ ಏರುತ್ತ ಹೋಯಿತು. ಕವರು ಪೂರ್ತಿ ಬಿಳಿಯಾದಾಗ ಕಣ್ಣಿನ ಬಿಳಿಯೂ ಹಳದಿಯಾಗಿ ನಿಂತಿತು. ಮಗಳು ಕೈ ತೆಗೆದಳು.

"ಯಾವಾಗಿಂದು ಇದು?" ಎಂದಳು.

ತಾರೀಖು ಚಿತ್ರದ ಮೂಲೆಯಲ್ಲೇ ಇತ್ತು. ಸತ್ತ ದಿನಕ್ಕೆ ಎಂಟು ತಿಂಗಳ ಹಿಂದಿನದು. ಎಣಿಸಿಕೊಳ್ಳಲು ಅವಳಿಗೆ ಬೆರಳು ಬೇಕಾಗಲಿಲ್ಲ.

ಆ ಕಾಲದ ಕ್ಯಾಮೆರಾದಲ್ಲಿ ಒಂದು ಕಣ್ಣು ಮುಚ್ಚಿ ಇಣುಕಿ ನೋಡುವ ಪುಟ್ಟ ಗಾಜಿರುತ್ತಿತ್ತು. ಚಿತ್ರ ಬಣ್ಣದಲ್ಲಿ ಹಿಡಿದರೂ ಅದರೊಳಗೆ ಕಾಣುತ್ತಿದ್ದುದು ಕಪ್ಪು ಬಿಳುಪೇ. ಮಾಮ ಅದನ್ನೇ ಮಗಳಿಗೆ ಹೇಳಿದ. ಅದರಲ್ಲಿ ಬಣ್ಣ ಕಾಣುತ್ತಿರಲಿಲ್ಲಮ್ಮ ಎಂದ. ಹೇಳುವಾಗಲೇ ಅದು ಎಂಥ ಮಾತು ಎಂದು ಅವನಿಗೆ ತಿಳಿಯಿತು. ಕ್ಯಾಮೆರಾ ಕೆಳಗಿಟ್ಟ ಮೇಲೂ ಹೆಂಡತಿ ಮನೆಯಲ್ಲೇ ಇದ್ದಳಲ್ಲ, ತಟ್ಟೆ ಎದುರಿಗಿಟ್ಟಾಗ, ಬಾಗಿಲು ತೆಗೆದಾಗ. ಕಂಡವರ ಮುಖದ ಬಣ್ಣಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವನು ಮನೆಯ ಮುಖವನ್ನು ತಲೆ ಎತ್ತಿ ನೋಡಿರಲಿಲ್ಲ. ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಕಾಮಾಲೆಯ ಗಾದೆ ತಿರುಗಿ ಅವನ ಮೇಲೇ ಬಿತ್ತು. ಕೆಟ್ಟ ಮೇಲೆ ಬುದ್ಧಿ ಬಂದು ಯಾರಿಗೆ ಉಪಕಾರ?

ಮಗಳು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಪರದೆಯತ್ತ ತಿರುಗಿ, ಆಮೇಲೆ ಅಮ್ಮ ಯಾಕೆ ಮುಖ ಮುಚ್ಚಿಕೊಂಡಳು, ನಾಚಿಕೆಯಾ ಎಂದು ಮೆಲ್ಲಗೆ ಕೇಳಿದಳು. ಇರಬೇಕು, ನಾಚಿಕೆ ಸ್ವಭಾವದವಳು ಎಂದ ಮಾಮ. ನಿಜಕ್ಕೂ ಅವನಿಗೆ ನೆನಪಿರಲಿಲ್ಲ.

ಮಗಳು ಕೈ ಚಾಚಿ ದನಿ ಏರಿಸಿದಳು.

ಟೇಪಿನ ಗೊರಗೊರದ ನಡುವೆ, ಅವಳು ಎಂದೂ ಕೇಳಿದ ನೆನಪಿಲ್ಲದ ಹೆಣ್ಣು ದನಿಯೊಂದು ಬಂತು. "ಬೇಗ ಮಾಡ್ರೀ. ಯಾಕೋ ನಿಂತ್ಕೊಳ್ಳೋಕೇ ಆಗ್ತಿಲ್ಲ."

ಅದಕ್ಕೆ ಕ್ಯಾಮೆರಾದ ಹಿಂದಿನಿಂದ ಗಂಡಸಿನ ದನಿ, ಹೊರಡುವ ಅವಸರದ್ದು. "ಇನ್ನೂ ಸ್ವಲ್ಪ ಮೇಲೆ ಎತ್ತೇ. ನಿನ್ನ ಮುಖ ಅಡ್ಡ ಬರ್ತಿದೆ."

ಅವಳು ಎತ್ತಿದಳು. ಉಳಿದ ಆರು ಸೆಕೆಂಡು ಪರದೆಯ ತುಂಬ ಬರೀ ಬಿಳಿ. ಮಾಮ ಆಗ ಬೇಕೆಂದದ್ದು ಅದನ್ನೇ.