ಖಾಲಿ ಸಾಲಿಗೆ ಹೆದರುವ ಗಂಗರತ್ನಮ್ಮ

ಯಲ್ದೂರಿನ ಗಂಗರತ್ನಮ್ಮ ಹಾವಿಗೆ ಹೆದರಿದವರಲ್ಲ. ಕಂಪ್ಯೂಟರಿನಲ್ಲಿ ಖಾಲಿ ಜಾಗ ಕಂಡರೆ ಹೆದರುತ್ತಾರೆ. ೧೯೯೮ರಲ್ಲಿ ಅಂಟಿದ ಭಯ ಅದು.

ಕೋಲಾರದ ಒಂದು ಖಾಸಗಿ ಆಸ್ಪತ್ರೆಯ ಚೀಟಿ ಕಿಟಕಿಯಲ್ಲಿ ಅವರು ಟೈಪಿಸ್ಟ್. ಕೆಲಸ ಕಾಯಂ ಅಲ್ಲ. ರೋಗಿಗಳ ವಿವರವೆಲ್ಲ ಕಂಪ್ಯೂಟರಿನಲ್ಲಿ: ಹೆಸರು, ಊರು ಇಂಗ್ಲಿಷಿನಲ್ಲಿ; ಯಾರಿಗೆ ಯಾವ ಔಷಧಿ ಆಗದು ಎಂದು ಡಾಕ್ಟರು ಹೇಳಿದ ಎಚ್ಚರಿಕೆ ಮಾತ್ರ ಕನ್ನಡದಲ್ಲಿ. ಹೊಸ ಕಂಪ್ಯೂಟರು ಬಂದಾಗ ಹಳೆಯದರಲ್ಲಿದ್ದುದನ್ನು ಅದಕ್ಕೆ ತುಂಬಿದರು. ಇಂಗ್ಲಿಷ್ ನೆಟ್ಟಗೆ ಬಂತು. ಕನ್ನಡವಿದ್ದ ಕಡೆಯೆಲ್ಲ ಕಂಸ, ಚುಕ್ಕೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಹಳೆಯ ಯಂತ್ರ ಅಷ್ಟರಲ್ಲಿ ಮಾರಿಹೋಗಿತ್ತು.

"ನಾಳೆ ಹೊಸ ಕಂಪ್ಯೂಟರ್ ಉದ್ಘಾಟನೆ. ದೊಡ್ಡೋರಿಗೆ ಈ ಕೋಳಿ ಕೆರೆದ ತಿಪ್ಪೆ ತೋರಿಸ್ಲೇನಮ್ಮಾ? ಅಳಿಸಿ ಚೊಕ್ಕ ಮಾಡು," ಎಂದರು ಮ್ಯಾನೇಜರ್ ಅಪ್ಪಾಜಪ್ಪ.

ತಮಗೆ ಓದಲಾಗದ್ದೆಲ್ಲ ಕಸ! ಇವರಿಗೆ ಇದನ್ನು ಯಾವ ಗುರು ಕಲಿಸಿದನೋ. ಕೆಲಸ ಹೋದೀತೆಂದು ಗಂಗರತ್ನಮ್ಮ ಬೆಳಿಗ್ಗೆಯಿಂದ ಅಳಿಸುತ್ತ ಕೂತರು.

ಮಧ್ಯಾಹ್ನ ತಾಯಲೂರಿನ ಬೈರಮ್ಮ ಜ್ವರದಲ್ಲಿ ನಡುಗುತ್ತ ಬಂದರು. ಕಂಪ್ಯೂಟರಿನಲ್ಲಿ ಆ ಹೆಸರಿಲ್ಲ.

"ಹೊಸಬ್ರಾ?"

"ಅಮ್ಮೋ, ಹೋದ ವರ್ಷ ಇಲ್ಲೇ ಸೂಜಿ ಹಾಕಿಸ್ಕೊಂಡು ಸತ್ತು ಬದುಕಿದ್ದೀನಿ ಕಣಮ್ಮಾ! ಅದಕ್ಕೇ ನಮ್ಮತ್ತೆ ಹೆಸ್ರು ಬದಲಾಯಿಸಿದ್ದು. ಯಮ ಹಳೇ ಹೆಸ್ರು ಹುಡುಕ್ಕೊಂಡು ಬಂದ್ರೆ ಸಿಗಬಾರ್ದಲ್ಲ?"

"ಯಾವ ಸೂಜಿ?"

"ನಂಗೇನು ಗೊತ್ತು? ನೀವೇ ಅದ್ರಾಗೆ ಬರ್ಕೊಂಡ್ರಲ್ಲ."

ಗಂಗರತ್ನಮ್ಮ ಕಿಟಕಿಯತ್ತ ಬಾಗಿದರು. "ಹಳೇ ಹೆಸ್ರೇನು?"

"ಅಯ್ಯೋ, ಬಾಯಿಬಿಟ್ಟು ಹೇಳಬಾರ್ದು."

"ಯಮನಿಗೆ ಕೇಳದಂಗೆ ನನ್ನ ಕಿವೀಲಿ ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

ಆಂಜಿನಮ್ಮ. ಕಂಪ್ಯೂಟರಿನಲ್ಲಿ ಆ ಹೆಸರಿನ ಸಾಲು ಸಿಕ್ಕಿತು. ಎಚ್ಚರಿಕೆಯ ಜಾಗ ಖಾಲಿ, ಗುಡಿಸಿ ಸಾರಿಸಿದ ಅಂಗಳದಷ್ಟು ಚೊಕ್ಕ. ತಲೆಯೆತ್ತಿದರೆ ನರ್ಸು ಬೈರಮ್ಮನನ್ನು ಆಗಲೇ ಒಳಗೆ ಕರೆದೊಯ್ದಿದ್ದಳು.

ಓಡಿದರು. ಸೂಜಿ ಹಿಡಿದ ಕೈಯನ್ನು ಎಳೆದರು. "ಯಾವ ಸೂಜೀನೂ ಬೇಡ! ಯಾವ್ದು ಆಗಲ್ಲ ಅನ್ನೋದನ್ನ ನಾನೇ ಅಳಿಸಿಬಿಟ್ಟಿದ್ದೀನಿ!"

ಡಾಕ್ಟರು ಮುಖ ಸಿಂಡರಿಸಿಕೊಂಡು ಮಾತ್ರೆ ಬರೆದರು. ಬೈರಮ್ಮ ಬದುಕಿದರು.

ಆಮೇಲೆ ಗಂಗರತ್ನಮ್ಮ ಒಂದನ್ನೂ ಅಳಿಸಲಿಲ್ಲ. ದೊಡ್ಡವರ ಮುಂದೆ ಪರದೆ ಮೇಲೆ ತಿಪ್ಪೆ ಕಂಡಿತೆಂದು ಅಪ್ಪಾಜಪ್ಪ ಬೈದರು, ಗಂಗರತ್ನಮ್ಮ ಬೈಸಿಕೊಂಡರು. ಉಳಿದ ಕಸದಲ್ಲಿ ಒಂದೊಂದು ಗುರುತೂ ಎಲ್ಲೆಲ್ಲೂ ಒಂದೇ ಕನ್ನಡ ಅಕ್ಷರದ ಬದಲಿಗೆ ಕೂತಿದೆ ಎಂಬುದು ಅವರಿಗೆ ಹೊಳೆಯಿತು. ಬಂದ ರೋಗಿಗಳನ್ನು ಕೇಳಿ, ತಾಳೆ ನೋಡಿ, ಅಂಜುತ್ತಲೇ ಎಚ್ಚರಿಕೆಗಳನ್ನು ಮತ್ತೆ ಕನ್ನಡಕ್ಕೆ ತಂದರು.

ಆ ಬೆಳಿಗ್ಗೆ ಅಳಿಸಿದ್ದು ಮಾತ್ರ ಹೋಯಿತು. ಆ ಸಾಲುಗಳಲ್ಲಿದ್ದ ಮಾಲೂರು, ಮುಳಬಾಗಿಲು ಕಡೆಯವರು ಎಷ್ಟೋ ಮಂದಿ ಇನ್ನೂ ಬಂದಿಲ್ಲ. ಯಾವಾಗ ಜ್ವರ ಬರುತ್ತದೋ, ಯಾರು ಸೂಜಿ ಹಿಡಿದಿರುತ್ತಾರೋ. ಚೀಟಿ ಕಿಟಕಿಗೆ ಬಂದವರನ್ನೆಲ್ಲ ಗಂಗರತ್ನಮ್ಮ ಇವತ್ತಿಗೂ ಮೊದಲು ಕೇಳುವುದು ಒಂದೇ:

"ನಿಮಗೆ ಮುಂಚೆ ಬೇರೆ ಹೆಸ್ರಿತ್ತಾ?"