ಗಿರಿಯಪ್ಪನ ಕಾರು, ಸಾವಂತ್ರವ್ವನ ರೊಟ್ಟಿ

ಸಾವಂತ್ರವ್ವನ ರೊಟ್ಟಿ ಮುರಿದರೆ ಸಪ್ಪಳ ಆಚೆ ಓಣಿಗೆ ಕೇಳುತ್ತದೆ ಎಂದು ಹತ್ತಿಮತ್ತೂರಿನಲ್ಲಿ ಹೇಳುತ್ತಿದ್ದರು. ಅದು ಹೊಗಳಿಕೆ. ಖಡಕ್ ರೊಟ್ಟಿ ಅಂದಮೇಲೆ ಹಪ್ಪಳದಷ್ಟು ಹಗುರಾಗಿರಬೇಕು, ಆದರೆ ಉಣ್ಣಲು ಕೂತವನು ಕೈಯಾರೆ ಮುರಿಯುವ ತನಕ ಹುಣ್ಣಿಮೆ ಚಂದ್ರನ ಹಾಗೆ ಇಡಿಯಾಗಿರಬೇಕು. ಈ ವಿದ್ಯೆಯನ್ನು ಅವಳು ತವರೂರು ಹುಲಗೂರಿನಿಂದ ತಂದವಳು. ಅಲ್ಲಿ ಅವಳ ಅವ್ವ, ಮಗಳು ಬಡಿದ ರೊಟ್ಟಿ ಸೊಟ್ಟಾದರೆ ಒಂದು ಮಾತೂ ಆಡದೆ ಎಮ್ಮೆಗೆ ಹಾಕಿಬಿಡುತ್ತಿದ್ದಳಂತೆ. ಆ ಎಮ್ಮೆ ಚೆನ್ನಾಗಿ ಮೈಹಿಡಿದಿತ್ತು ಎಂದು ಸಾವಂತ್ರವ್ವ ಈಗಲೂ ನಗುತ್ತಾಳೆ.

ಮಕ್ಕಳ ಮದುವೆ ಮುಗಿದ ಮೇಲೆ ಸುಮ್ಮನೆ ಕೂರಲಾರದೆ ಅವಳು ಸವಣೂರಿನ ಒಂದು ಖಾನಾವಳಿಗೆ ರೊಟ್ಟಿ ಮಾಡಿಕೊಡಲು ಶುರುಮಾಡಿದಳು. ಅಲ್ಲಿ ಉಂಡವರು ಹೇಳಿ ಶಿಗ್ಗಾವಿಯಿಂದ ಕೇಳಿಕೆ ಬಂತು, ಆಮೇಲೆ ಹಾನಗಲ್ಲಿನಿಂದಲೂ ಬಂತು. ಹಿತ್ತಲಿನ ತಗಡಿನ ಚಪ್ಪರದಲ್ಲಿ ಒಲೆಗಳು ಹೆಚ್ಚಿದವು, ಓಣಿಯ ಹೆಂಗಸರು ಬಂದು ಸೇರಿಕೊಂಡರು. ಎಲ್ಲರಿಗಿಂತ ಮೊದಲು ಬಂದವಳು ಶಂಕ್ರವ್ವ. ಅವಳ ಬಾಯಿ ಮತ್ತು ಕೈ ಎರಡೂ ಒಟ್ಟಿಗೇ ಓಡುತ್ತಿದ್ದವು. ಅವಳು ಒಂದು ಮಾತು ಎಸೆದರೆ ಚಪ್ಪರವೆಲ್ಲ ನಗುತ್ತಿತ್ತು.

ರೊಟ್ಟಿ ಒಯ್ಯುವ ಕೆಲಸ ಗಂಡ ಗಿರಿಯಪ್ಪನದು. ಬಹಳ ವರ್ಷ ಮಂದಿಯ ಟ್ರ್ಯಾಕ್ಟರ್ ಹೊಡೆದವನು, ಸವಣೂರಿನ ಮಾಸ್ತರರೊಬ್ಬರಿಂದ ಹಳೆಯ ಬಿಳಿ ಕಾರು ಕೊಂಡು ತಂದಿದ್ದ. ದಿನಾ ಬೆಳಿಗ್ಗೆ ಅದನ್ನು ಎತ್ತಿನ ಮೈ ತೊಳೆದಂತೆ ತೊಳೆಯುತ್ತಿದ್ದ. ಟ್ರ್ಯಾಕ್ಟರಿನ ಗಟ್ಟಿ ಸೀಟಿನ ಮೇಲೆ ಹರೆಯವೆಲ್ಲ ಕಳೆದ ಅವನಿಗೆ ಈ ಕಾರಿನ ಓಲಾಟ ಸ್ವರ್ಗಸುಖ. "ತೊಟ್ಟಿಲದಾಗ ಕುಂತಂಗ ಆಕ್ಕೈತಿ ನೋಡು," ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಈ ಸಲ ದೀಪಾವಳಿ ಕಳೆದ ಮೇಲೆ ಹಾನಗಲ್ಲಿನ ಖಾನಾವಳಿಯ ಮಾಲತೇಶನ ಫೋನು ಬಂತು.

"ಅಕ್ಕಾರ, ರೊಟ್ಟಿ ಕಳಿಸೀರೋ, ನುಚ್ಚು ಕಳಿಸೀರೋ?"

ಸಾವಂತ್ರವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಸವಣೂರಿನವರದು ದೂರಿಲ್ಲ, ಶಿಗ್ಗಾವಿಯವರು ಒಂದಿಷ್ಟು ಗೊಣಗಿದರು, ಹಾನಗಲ್ಲಿಗೆ ಹೋದದ್ದು ಮಾತ್ರ ಪ್ರತಿ ಸಲವೂ ಚೂರು. ಜೋಳದಲ್ಲಿ ಜಿಗಿ ಇಲ್ಲವೇನೋ ಎಂದು ಬೇರೆ ಜೋಳ ತರಿಸಿದಳು. ಗಿರಣಿಯವನ ಜೊತೆ ಜಗಳ ತೆಗೆದಳು. ಒಲೆಯ ಉರಿ ಕಡಿಮೆ ಮಾಡಿ ನೋಡಿದಳು. ಯಾವುದರಿಂದಲೂ ಉಪಯೋಗವಾಗಲಿಲ್ಲ. ಕಡೆಗೆ ಒಂದು ಬೆಳಿಗ್ಗೆ, ಎಲ್ಲರೂ ಕೂತಿರುವಾಗ, ಶಂಕ್ರವ್ವನ ಮುಂದೆ ಹೋಗಿ ನಿಂತಳು.

"ನಿನ್ನ ಮಾತು ಜಾಸ್ತಿ ಆತು, ಹಿಟ್ಟು ನಾದೂದು ಕಡಿಮಿ ಆತು. ಅದಕ್ಕ ಮುರ್ಯಾಕತ್ತಾವ."

ಶಂಕ್ರವ್ವ ಕೈಗೆ ಅಂಟಿದ ಹಿಟ್ಟನ್ನು ನಿಧಾನವಾಗಿ ಉಜ್ಜಿ ತೆಗೆದಳು. "ನನ್ನ ಕೈ ಮ್ಯಾಲ ನಂಬಿಕಿ ಇಲ್ಲಂದ್ರ ನಿಮ್ಮ ಹಂಚು ನೀವ ಕಾಸ್ಕೋರಿ, ಅಕ್ಕ," ಎಂದು ಎದ್ದು ಹೋದಳು. ಅಂದಿನಿಂದ ಚಪ್ಪರದಲ್ಲಿ ರೊಟ್ಟಿ ತಟ್ಟುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಮುಂದಿನ ಸಲ ಹಾನಗಲ್ಲಿನ ರೊಟ್ಟಿಯನ್ನೆಲ್ಲ ಸಾವಂತ್ರವ್ವ ತಾನೇ ನಾದಿ, ತಾನೇ ಬಡಿದು, ತಾನೇ ಬೇಯಿಸಿದಳು. ತಾನೇ ಒಯ್ಯುವೆನೆಂದು ಕಾರಿನಲ್ಲಿಯೂ ಕೂತಳು. ಬುಟ್ಟಿಗಳಲ್ಲಿ ಹಿಡಿಸದ ರೊಟ್ಟಿಗಳ ಒಂದು ಗಂಟನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು.

ಅಷ್ಟು ದೂರ ಅವಳು ಆ ಕಾರಿನಲ್ಲಿ ಹೋದದ್ದೇ ಇರಲಿಲ್ಲ. ಸವಣೂರು ದಾಟಿದ ಮೇಲೆ ರಸ್ತೆಯುಬ್ಬಿನ ಮೊದಲ ಹಂಪು ಬಂತು. ಕಾರು ಹತ್ತಿತು, ಇಳಿಯಿತು, ಇಳಿದ ಮೇಲೂ ಕುಣಿಯುತ್ತಲೇ ಮುಂದೆ ಹೋಯಿತು. ಬಂಕಾಪುರದ ಹತ್ತಿರ ಕುರಿಗಳು ಅಡ್ಡ ಬಂದವು. ಗಿರಿಯಪ್ಪ ಬ್ರೇಕ್ ತುಳಿದದ್ದೇ ಕಾರು ಮೂಗು ಕೆಳಗೆ ಹಾಕಿತು, ಸಾವಂತ್ರವ್ವನ ಹಣೆ ಮುಂದಿನ ಗಾಜಿನ ಸಮೀಪಕ್ಕೆ ಹೋಗಿ ಬಂತು. ತಿರುವಿನಲ್ಲಿ ಕುಡಿದವನಂತೆ ಒಂದು ಕಡೆ ವಾಲಿತು.

"ಯಾಕ್ರೀ, ನಿಂತ ಮ್ಯಾಲೂ ಇದು ಹೂಂ ಹೂಂ ಅಂತ ತಲಿ ಹಾಕತೈತಲ್ಲ?"

"ರಸ್ತಾ ಹಂಗೈತಿ."

ಮುಂದೆ ಹೋಗುತ್ತಿದ್ದ ಆಟೋ ಅದೇ ರಸ್ತೆಯಲ್ಲಿ ನೆಟ್ಟಗೆ ಹೋಗುತ್ತಿತ್ತು. ಅವಳು ಅದನ್ನು ನೋಡುತ್ತ ತೊಡೆಯ ಮೇಲಿನ ಗಂಟನ್ನು ಇನ್ನಷ್ಟು ಭದ್ರವಾಗಿ ಹಿಡಿದಳು.

ಹಾನಗಲ್ಲಿನಲ್ಲಿ ಮಾಲತೇಶ ಬುಟ್ಟಿಯ ಬಟ್ಟೆ ಸರಿಸಿದ. ಚೂರು. ಎರಡನೆಯ ಬುಟ್ಟಿಯೂ ಹಾಗೇ. ತನ್ನ ಕೈಯ ರೊಟ್ಟಿ! ಸಾವಂತ್ರವ್ವನಿಗೆ ಅಳು ಬರುವ ಹಾಗಾಯಿತು. ತೊಡೆಯ ಮೇಲಿದ್ದ ಗಂಟನ್ನು ಬಿಚ್ಚಲೂ ಮನಸ್ಸಿರಲಿಲ್ಲ. ಮಾಲತೇಶನೇ ಬಿಚ್ಚಿದ.

"ಅಕ್ಕಾರ, ಇವು ಎಲ್ಲಾ ಛಲೋ ಅದಾವಲ್ರಿ!"

ಒಂದೂ ಬಿರುಕು ಬಿಟ್ಟಿರಲಿಲ್ಲ. ಅದೇ ಹಿಟ್ಟು, ಅದೇ ಕೈ, ಅದೇ ಒಲೆ. ಅವಳು ಖಾನಾವಳಿಯ ಬೆಂಚಿನ ಮೇಲೆ ಕೂತು ಒಂದು ಲೋಟ ನೀರು ಕುಡಿದಳು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ನನ್ನ ತೊಡಿ ಮ್ಯಾಲಿದ್ದದ್ದು ಉಳೀತು. ನಿಮ್ಮ ತೊಟ್ಟಿಲದಾಗ ಇದ್ದದ್ದು ಹೋತು."

ಗಿರಿಯಪ್ಪ ಖಾಲಿ ಬುಟ್ಟಿಗಳನ್ನು ಎತ್ತಿಕೊಂಡು ಕಾರಿನ ಕಡೆ ನಡೆದ.

ವಾಪಸು ಬರುವಾಗ ಅವಳು ಕಾರನ್ನು ಸೀದಾ ಸವಣೂರಿನ ಶಹಾಬುದ್ದೀನನ ಗ್ಯಾರೇಜಿಗೆ ಹೊಡೆಸಿದಳು. ಶಹಾಬುದ್ದೀನ ಬಾನೆಟ್ ತೆಗೆಯಲೇ ಇಲ್ಲ. ಮುಂದಿನ ಮೂಲೆಯ ಮೇಲೆ ಎರಡೂ ಅಂಗೈ ಊರಿ ಮೈಭಾರ ಬಿಟ್ಟು ಒತ್ತಿ, ತಟ್ಟನೆ ಕೈ ತೆಗೆದ. ಕಾರು ಎದ್ದಿತು, ಕೂತಿತು, ಮತ್ತೆ ಎದ್ದಿತು.

"ಒಮ್ಮೆ ಮ್ಯಾಲ ಬಂದು ಸುಮ್ನ ನಿಂದ್ರಬೇಕ್ರಿ. ಇದು ಇನ್ನೂ ಕುಣ್ಯಾಕತ್ತೈತಿ."

"ಸರೀರಿ, ನಾ ನೋಡ್ತೇನಿ," ಎಂದು ಸಾವಂತ್ರವ್ವ ಸೆರಗು ಸಿಗಿಸಿ ಹಿಂದಿನ ಮೂಲೆಯನ್ನು ಒತ್ತಿದಳು. ರೊಟ್ಟಿ ಬಡಿದ ಕೈ. ಕಾರು ಇನ್ನೂ ಜೋರಾಗಿ ಕುಣಿಯಿತು. ಸಿಟ್ಟಿನಲ್ಲಿದ್ದವಳಿಗೆ ನಗು ಬಂದುಬಿಟ್ಟಿತು.

ಶಹಾಬುದ್ದೀನ ಗಾಲಿ ಬಿಚ್ಚಿ ಒಳಗಿನ ಕರಿ ಕೊಳವೆ ತೋರಿಸಿದ. ಅದರ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು. "ಭಾರ ಹೊರೂದು ಸ್ಪ್ರಿಂಗ್ ಕೆಲಸ. ಅದು ಕುಣೀದಂಗ ಹಿಡದು ನಿಂದ್ರಸೂದು ಈ ಶಾಕಬ್ಸರ್. ಮುಂದಿನವಕ್ಕ ಸ್ಪ್ರಿಂಗ್ ಸುತ್ತಿರತಾವ, ಸ್ಟ್ರಟ್ ಅಂತಾರ. ಒಳಗಿನ ಎಣ್ಣಿ ಸೋರಿದ್ರ ಹಿಡಿಯಾವ್ರು ಯಾರ್ರಿ?"

ಬಿಚ್ಚಿದ ಟೈರಿನ ಮೇಲೆ ಸಾವಂತ್ರವ್ವ ಅಂಗೈ ಆಡಿಸಿದಳು. ಅಲ್ಲಲ್ಲಿ ಉಬ್ಬು, ಅಲ್ಲಲ್ಲಿ ತಗ್ಗು. "ಇದನ್ನ ಯಾರೋ ಹೊಸಬರು ಬಡದಾರ," ಎಂದಳು.

"ಹೌದ್ರಿ, ಶಾಕಬ್ಸರ್ ಹೋದ್ರ ಟೈರು ಹಿಂಗ ತಿಂದ್ಹೋಗತಾವ."

ಗಿರಿಯಪ್ಪ ಮೆಲ್ಲಗೆ ಬಾಯಿಬಿಟ್ಟ. "ಮೆತ್ತಗೈತಿ ಅಂತ ತಿಳ್ಕೊಂಡಿದ್ದೆ, ಭಾಯಿ."

"ಮೆತ್ತಗ ಬ್ಯಾರೆ, ಸಡ್ಲ ಬ್ಯಾರೆ, ಗಿರಿಯಪ್ಪಣ್ಣ. ದಿನಾ ನಡಸಾವ್ರಿಗೆ ಗೊತ್ತಾಗೂದಿಲ್ಲ, ಅದು ದಿನಾ ಇಷ್ಟಿಷ್ಟ ಸಡ್ಲ ಆಕ್ಕೈತಿ. ಬ್ರೇಕ್ ಹಾಕಿದ್ರ ಮೂಗು ಊರತೈತಿ ಅಂದ್ರ ಗಾಡಿ ನಿಂದ್ರೂದೂ ತಡ. ರೊಟ್ಟಿ ಹೋದ್ರ ಮತ್ತ ಬಡೀಬಹುದು."

"ಹಂಗಾರ ಈ ಸೋರೂದೊಂದು ಬದಲಿ ಮಾಡು," ಎಂದ ಗಿರಿಯಪ್ಪ.

"ಮುದಿ ಎತ್ತಿನ ಜೋಡಿ ಹೊಸಾ ಹೋರಿ ಹೂಡ್ತೀರೇನು?"

ಗಿರಿಯಪ್ಪನಿಗೆ ಆ ಮಾತು ತಟ್ಟನೆ ತಿಳಿಯಿತು. "ನಾಲ್ಕೂ ಹಾಕು," ಎಂದ.

ಕಾರು ಗ್ಯಾರೇಜಿನಲ್ಲಿ ಉಳಿಯಿತು. ಗಂಡ ಹೆಂಡತಿ ಬಸ್ಸಿಗೆ ಊರಿಗೆ ಬಂದರು. ಸಾವಂತ್ರವ್ವ ಮನೆಗೆ ಹೋಗದೆ ಸೀದಾ ಶಂಕ್ರವ್ವನ ಕಟ್ಟೆಗೆ ಹೋದಳು. ಶಂಕ್ರವ್ವ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

"ರೊಟ್ಟಿ ಮುರದದ್ದು ನಿನ್ನ ಕೈಯಿಂದ ಅಲ್ಲವ್ವಾ. ಕಾರಿಂದ."

"ಮತ್ತ ಕಾರಿಗೂ ಬೈದ್ರ್ಯಾ?"

"ಕಾರಿಗೂ ಬೈದೆ, ನಡಸಾವ್ರಿಗೂ ಬೈದೆ."

ಶಂಕ್ರವ್ವನ ತುಟಿ ಒಂದಿಷ್ಟು ಅಲುಗಿತು. "ನನಗ ಎಲ್ಲಾರ ಮುಂದ ಬೈದಿದ್ರಿ."

"ಎಲ್ಲಾರ ಮುಂದ ಹೇಳ್ತೇನಿ, ನಾಳಿಗೆ ಬಾ."

ಮಾರನೆಯ ದಿನ ಚಪ್ಪರದಲ್ಲಿ ಎಲ್ಲರೆದುರು ಸಾವಂತ್ರವ್ವ "ತಪ್ಪು ನಂದು, ಶಂಕ್ರೀ," ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದನ್ನು ಅಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಶಂಕ್ರವ್ವ ಹಿಟ್ಟು ನಾದುವ ಕೊಣಮಿಗೆಯನ್ನು ಮುಂದಕ್ಕೆಳೆದು ಕೂತಳು. ಆದರೆ ಒಂದು ಕರಾರು ಹಾಕಿದಳು.

"ಇಷ್ಟು ವರ್ಷ ರೊಟ್ಟಿ ಬಡದೇನಿ, ಅವನ್ನ ಯಾರು ತಿಂತಾರಂತ ಒಮ್ಮೆನೂ ನೋಡಿಲ್ಲ. ನನ್ನೂ ಹಾನಗಲ್ಲಿಗೆ ಕರಕೊಂಡು ಹೋಗ್ರಿ. ಮುಂದಿನ ಸೀಟು ನಂದ."

ಹೊಸ ಶಾಕಬ್ಸರ್ ಹಾಕಿದ ಕಾರು ಬಂದ ದಿನ ಶಂಕ್ರವ್ವ ಧಾರವಾಡ ಸೀರೆ ಉಟ್ಟು ಮುಂದೆ ಕೂತಳು. ಸಾವಂತ್ರವ್ವ ಹಿಂದೆ, ಬುಟ್ಟಿಗಳ ಸಂದಿಯಲ್ಲಿ. ಹಂಪು ಬಂದಾಗಲೆಲ್ಲ ಉಸಿರು ಹಿಡಿದಳು. ಕಾರು ಹತ್ತಿ ಇಳಿದು ಸುಮ್ಮನಾಯಿತು. ಹಾನಗಲ್ಲಿನಲ್ಲಿ ಬಟ್ಟೆ ಸರಿಸಿದರೆ ಬುಟ್ಟಿಯಂಚಿನ ಒಂದೆರಡು ಬಿಟ್ಟು ಎಲ್ಲವೂ ಇಡಿಯಾಗಿದ್ದವು. ಮಾಲತೇಶ ಕೈಮುಗಿದ.

ಶಂಕ್ರವ್ವನ ಕಣ್ಣು ಆ ಕಡೆ ಇರಲೇ ಇಲ್ಲ. ಮೂಲೆಯ ಮೇಜಿನಲ್ಲಿ ಯಾರೋ ಕಂಡಕ್ಟರು ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದ. ಅವಳು ಹೋಗಿ ಎದುರಿಗೆ ನಿಂತಳು.

"ಯಾಕ್ರೀ ಅಣ್ಣಾರ, ರುಚಿ ಇಲ್ಲೇನು?"

"ರುಚಿ ಐತವ್ವಾ, ಬಸ್ಸಿಗೆ ಹೊತ್ತಾತು."

"ಬಸ್ಸು ನಿಮ್ಮನ್ನ ಬಿಟ್ಟು ಹೋಗೂದಿಲ್ಲ. ಕುಂದರ್ರಿ."

ಕಂಡಕ್ಟರು ನಗುತ್ತ ಕೂತ. ಅರ್ಧ ಮುಗಿಸಿ, ಶೇಂಗಾ ಚಟ್ನಿ ಹಾಕಿಸಿಕೊಂಡು ಇನ್ನೊಂದನ್ನೂ ತಿಂದ.

ಈಗ ಚಪ್ಪರದ ಹೆಂಗಸರು ಪಾಳಿ ಹಚ್ಚಿ ಹಾನಗಲ್ಲಿಗೆ ಹೋಗಿ ಬರುತ್ತಾರೆ. ಉಂಡವರು ಏನಂದರು, ಯಾರು ಎರಡನೆಯದು ಕೇಳಿದರು ಎಂಬುದೆಲ್ಲ ಮರುದಿನ ಒಲೆಯ ಮುಂದೆ ವರದಿಯಾಗುತ್ತದೆ. ತನ್ನ ಕಾರನ್ನು ಇವರು ಬಸ್ಸು ಮಾಡಿಬಿಟ್ಟರು ಎಂದು ಗಿರಿಯಪ್ಪ ಗೊಣಗುತ್ತಾನೆ. ಆದರೆ ಊರು ಬಿಡುವ ಮೊದಲು ಕಾರಿನ ಒಂದೊಂದೇ ಮೂಲೆ ಒತ್ತಿ, ಅದು ಸುಮ್ಮನೆ ನಿಂತದ್ದನ್ನು ನೋಡಿಯೇ ಕೀಲಿ ತಿರುಗಿಸುತ್ತಾನೆ.