ಮೂವತ್ತೇಳು ಬಿಟ್ಟು ಒಂದರ ಹಿಂದೆ

ಬೆಳಗಿನ ಆರೂವರೆ. ಹತ್ತಿರದ ಕೊಪ್ಪದಿಂದ ಬರುವ ಮೊದಲ ಬಸ್ಸಿಳಿದ ದೇವಿರಮ್ಮ ಮದ್ದೂರಿನ ಅಂಚಿನಲ್ಲಿರುವ ಮಿಷನ್ ಶಿಶುವಿಹಾರದ ಗೇಟು ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಪೊರಕೆ ಹಿಡಿಯುತ್ತಾರೆ. ಗುಡಿಸಿದ ಮೇಲೆ ಮೂವತ್ತೆಂಟು ಪುಟ್ಟ ಕುರ್ಚಿಗಳನ್ನು ಒರೆಸಿ, ಮುಟ್ಟಿ ಮುಟ್ಟಿ ಎಣಿಸುತ್ತಾರೆ. ಮಕ್ಕಳು ಬಂದ ಮೇಲೆ ಅವರ ತಲೆ ಮುಟ್ಟಿ ಎಣಿಸುವುದು ದಿನಕ್ಕೆ ಐದು ಸಲ. "ಕುರಿ ಕಾಯೋನ್ಗೂ ನನ್ಗೂ ಏನ್ ಯತ್ಯಾಸ ಕಣಪ್ಪ? ಅವನ್ ಕೈಲಿ ಕೋಲು, ನನ್ ಕೈಲಿ ಪೊರ್ಕೆ" ಎಂದು ನಗುತ್ತಾರೆ. ಆ ನಗುವಿನಲ್ಲಿ ಖುಷಿಯೇನೂ ಇಲ್ಲ.

ಹಾಜರಿ ಪುಸ್ತಕದಲ್ಲಿ ಅವರು ಬರೀ ಆಯಾ. ಆದರೆ ಹದಿನಾಲ್ಕು ವರ್ಷ, ಪ್ರತಿ ಶುಕ್ರವಾರ, ಇಲ್ಲಿನ ಮಕ್ಕಳಿಗೆ ಯೇಸು ಹೇಳಿದ ಕುರಿಯ ದೃಷ್ಟಾಂತವನ್ನು ಕತೆ ಮಾಡಿ ಹೇಳಿದ್ದು ಅವರೇ. ಓದಿದ್ದು ನಾಲ್ಕನೇ ಕ್ಲಾಸು. ಚರ್ಚಿಗೆ ಸೇರಿದವರೂ ಅಲ್ಲ, ಊರದೇವತೆ ಪಟ್ಟಲದಮ್ಮನ ಒಕ್ಕಲು. ಗಂಡ ತೀರಿಕೊಂಡ ವರ್ಷ ಕಸ ಗುಡಿಸಲು ಸೇರಿದವರು, ಮಿಸ್ ಬಾರದ ಒಂದು ದಿನ ಅಳುವ ಮಕ್ಕಳನ್ನು ಸುಮ್ಮನಾಗಿಸಲು, ನೆಲ ಒರೆಸುವಾಗ ಕಿವಿಗೆ ಬಿದ್ದಿದ್ದ ಕತೆಯನ್ನೇ ಹೇಳಿದರು. ಬಾಗಿಲಲ್ಲಿ ನಿಂತು ಕೇಳಿದ ಆಗಿನ ಮುಖ್ಯಸ್ಥೆ ಸಿಸ್ಟರ್, "ಶುಕ್ರವಾರದ ಕತೆ ಇನ್ನು ನಿಮ್ಮದೇ" ಎಂದುಬಿಟ್ಟರು.

ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಳ್ಳುತ್ತದೆ. ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿ, ಹೆಗಲ ಮೇಲೆ ಹೊತ್ತು ತಂದು, ನೆರೆಹೊರೆಯವರನ್ನೆಲ್ಲ ಮನೆಗೆ ಕರೆಯುತ್ತಾನೆ. ಬನ್ನೂರು ಕುರಿಯ ಸೀಮೆಯ ಮಕ್ಕಳಿಗೆ, ಕುರಿ ತಂದು ಜನ ಕರೆದರೆ ಅರ್ಥ ಒಂದೇ. "ಆಮೇಕೆ ಕುರಿನ ಏನ್ ಮಾಡ್ದ?" ಎಂದರೆ ಇಡೀ ಕ್ಲಾಸು "ಕುಯ್ದ! ಬಾಡೂಟ!" ಎಂದು ಕೂಗುತ್ತಿತ್ತು. "ಲೇ, ಕುಯ್ಯಾಕೆ ಅಷ್ಟ್ ದೂರ ಉಡಿಕ್ಕಂಡ್ ಓದ್ನೇನ್ರುಲಾ? ಪಾಯ್ಸ ಮಾಡ್ಸ್ದ ಕಣ್ರುಲಾ" ಎಂದು ದೇವಿರಮ್ಮ ತಿದ್ದುತ್ತಿದ್ದರು. ಪಾಯಸ ಯಾವ ಗ್ರಂಥದಲ್ಲೂ ಇಲ್ಲ. ಸಿಸ್ಟರ್ ನಕ್ಕುಬಿಡುತ್ತಿದ್ದರು.

ಆ ಸಿಸ್ಟರ್ ವರ್ಗವಾಗಿ ಹೋದರು, ಹೊಸ ಮುಖ್ಯಸ್ಥರು ಬಂದರು. ಹೋದ ಆಗಸ್ಟಿನಲ್ಲಿ ಒಂದು ದಿನ, ಊಟವಾದ ಮೇಲೆ ಎಣಿಸಿದರೆ ಮೂವತ್ತೇಳೇ ತಲೆ. ನಾಲ್ಕು ವರ್ಷದ ಶೋಭಿತಾ ಇಲ್ಲ. ಮಿಸ್ ಆಫೀಸಿನಲ್ಲಿ, ಯಾರೋ ಬಿಟ್ಟ ಗೇಟು ಅರೆ ತೆರೆದಿದೆ, ಆಚೆ ತುಂಬಿ ಹರಿಯುವ ನಾಲೆ. ದೇವಿರಮ್ಮ "ಮಿಸ್ಸೇ" ಎಂದು ಒಮ್ಮೆ ಕೂಗಿ, ಉತ್ತರಕ್ಕೆ ಕಾಯದೆ ಓಡಿದರು. ಅಜ್ಜಿ ನಾಲೆಯಲ್ಲಿ ಬಟ್ಟೆ ಒಗೆಯುತ್ತಿರುತ್ತಾಳೆ ಅಂದುಕೊಂಡು ಹೊರಟಿದ್ದ ಮಗು, ಶೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿತ್ತು. "ಎರಡ್ನೇ ಮೆಟ್ಲಲ್ಲಿ ಇತ್ತು ಕಣಪ್ಪ. ಮೂರ್ನೇದು ನೀರೊಳ್ಗಿತ್ತು" ಎನ್ನುತ್ತಾರೆ.

ಮಗುವನ್ನು ಹೆಗಲ ಮೇಲೆ ಹೊತ್ತು ತರುವಷ್ಟರಲ್ಲಿ ಇತ್ತ ಒಬ್ಬ ಹುಡುಗ ಬೆಂಚಿನಿಂದ ಬಿದ್ದು ಹಣೆ ಒಡೆದುಕೊಂಡಿದ್ದ. ಅವನಪ್ಪ ಊರಿಗೆ ದೊಡ್ಡ ಮನುಷ್ಯ, ಬಂದು ಕೂಗಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗೇಟು ತೆರೆದಿಟ್ಟವರು ಯಾರೆಂದು ಯಾರೂ ಕೇಳಲಿಲ್ಲ, ನೋಟಿಸು ಬಂದದ್ದು ದೇವಿರಮ್ಮನಿಗೆ: "ಮೂವತ್ತೇಳು ಮಕ್ಕಳನ್ನು ಬಿಟ್ಟು ಹೋದದ್ದು ಬೇಜವಾಬ್ದಾರಿ. ಪುನರಾವರ್ತನೆಯಾದಲ್ಲಿ ಕೆಲಸದಿಂದ ತೆಗೆಯಲಾಗುವುದು." ಅವರು ಅದಕ್ಕೆ ಸಹಿ ಹಾಕಿದ್ದು ಆಫೀಸಿನ ಗೋಡೆಯ ಪಟದ ಕೆಳಗೆ. ಪಟದಲ್ಲಿ, ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬ. ತಲೆಯೆತ್ತಿ ನೋಡುವ ಪುರಸೊತ್ತು ಅಲ್ಲಿದ್ದ ಯಾರಿಗೂ ಇರಲಿಲ್ಲ.

ಶುಕ್ರವಾರದ ಕತೆಯೂ ಹೋಯಿತು. ಈಗ ಅದನ್ನು ಟಿವಿ ಹೇಳುತ್ತದೆ, ದೇವಿರಮ್ಮ ಕಿಟಕಿಯಾಚೆ ತಟ್ಟೆ ತೊಳೆಯುತ್ತಾರೆ. "ಅದ್ನಾಕ್ ವರ್ಸ ಆ ಕತೆ ಯೋಳ್ದೆ, ಒಂದ್ ದಿನ ಮಾಡ್ದೆ. ಮಾಡಿದ್ದೇ ತಪ್ಪಾಯ್ತು. ಐಕ್ಳೇ ಸರಿಯಾಗ್ ಯೋಳಿದ್ವು ಬುಡು, ಕುರಿ ಸಿಕ್ಮೇಲೆ ಕುಯ್ಯೋದೇಯ. ಆದ್ರೆ ಇಲ್ಲಿ ಕುಯ್ದಿದ್ದು ಕುರುಬನ್ನ."

ಸಾಯುವ ಮುಂಚೆ ಒಂದು ಶುಕ್ರವಾರವಾದರೂ ವಾಪಸ್ ಸಿಗಲಿ ಎಂಬುದಷ್ಟೇ ಅವರ ಆಸೆ. ಸಿಗುವ ಲಕ್ಷಣವಿಲ್ಲ. ಸಂಜೆ ವ್ಯಾನಿನ ಬಾಗಿಲಲ್ಲಿ ಐದನೇ ಎಣಿಕೆ ಮುಗಿಯುತ್ತದೆ, ಮೂವತ್ತೆಂಟು. ಇನ್ನೊಂದು ಸಲ ಒಂದು ತಲೆ ಕಡಿಮೆ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರೆ, ಶೋಭಿತಾಳ ಶೂ ದಾರ ಬಿಗಿದು ಮೇಲೇಳುತ್ತಾರೆ.

"ಓಯ್ತೀನಿ. ನೋಟೀಸ್ಗೆ ಮೊದ್ಲೇ ಸೈನ್ ಮಾಡಿಕ್ಬುಟ್ಟು ಓಯ್ತೀನಿ."